ಮಂಚದುದ್ದದ ಗುಣಿ

ನಮ್ಮ ಅಪ್ಪ ಒಮ್ಮೆ ಇಡೀ ರಾಮಾಪುರದ ಎದುರು ಸೋತರು. ಗೆದ್ದವಳು ನಾನು, ವಯಸ್ಸು ಹದಿಮೂರು. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗಿಲ್ಲ. ಕೇಳುವವರಿಗೆ ಸಾಕಾಗಿದ್ದರೆ ಎದ್ದು ಹೋಗಲಿ.

ನಮ್ಮ ಸೀಮೆ ಕೊಯಮತ್ತೂರು ಜಿಲ್ಲೆಯಿಂದ ಮೈಸೂರಿಗೆ ಸೇರಿ ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ತಮಿಳು ಹಾಕಬೇಕೋ ಕನ್ನಡ ಹಾಕಬೇಕೋ ಎಂದು ದಿನಾ ಜಗಳ. ಬುಧವಾರ ಸಂಜೆ ಮಾತ್ರ ಎಲ್ಲರೂ ಒಂದೇ. ಅವತ್ತು ಪತ್ತೇದಾರಿ ನಾಟಕದ ಕಂತು. ಕೊಲೆಯೂ ನಗುವೂ ಒಟ್ಟೊಟ್ಟಿಗೇ ಬರುತ್ತಿದ್ದವು. ಹೆಣ ಬಿದ್ದ ಮನೆಯಲ್ಲಿ ಕೂತು ಇನ್‌ಸ್ಪೆಕ್ಟರು ಉಪ್ಪಿಟ್ಟಿಗೆ ಉಪ್ಪು ಸಾಲದು ಎನ್ನುತ್ತಿದ್ದ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಎದುರು ಜಗಲಿಯಲ್ಲಿ. ಠಾಣೆಯ ಪೇದೆಯೊಬ್ಬರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿ ವಾರ ಒಬ್ಬ ಕೊಲೆಗಾರನನ್ನು ಹಿಡಿದುಕೊಡುತ್ತಿದ್ದರು. ಒಂದು ಸಲವೂ ಸರಿಹೋದದ್ದಿಲ್ಲ.

ಆ ಬೇಸಿಗೆ ನಾನು ಏಳನೇ ಕ್ಲಾಸು ಪಾಸಾಗಿದ್ದೆ. ಹೈಸ್ಕೂಲಿಗೆ ಕೊಳ್ಳೇಗಾಲಕ್ಕೆ ಹೋಗಬೇಕು, ಅಲ್ಲಿ ಚಿಕ್ಕಮ್ಮನ ಮನೆಯಿತ್ತು. ಅಪ್ಪ ಖಡಾಖಂಡಿತ ಆಗದು ಎಂದುಬಿಟ್ಟರು. "ಓದಿದ್ದು ಸಾಕು ಕಣಮ್ಮಿ. ಕಾಗ್ದ ಓದಾಕೆ ಬತ್ತದಲ್ಲ, ಇನ್ನೇನು?" ನಾನು ಎರಡು ದಿನ ಊಟ ಬಿಟ್ಟೆ. ಮೂರನೇ ದಿನ ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದಳು, ನನ್ನ ಹೋರಾಟ ಅಲ್ಲಿಗೆ ಮುಗಿಯಿತು.

ಆಗ ನಡೆಯುತ್ತಿದ್ದ ಕಥೆ ನಮ್ಮಂಥವರದೇ, ಕೊರಳಲ್ಲಿ ಲಿಂಗ ಕಟ್ಟಿದ ಜಮೀನುದಾರರ ಮನೆಯದು. ಮೊದಲ ಕಂತಿನಲ್ಲಿ ಯಜಮಾನನ ಹೆಂಡತಿ ತೀರಿಕೊಂಡಳು. ಅವಳನ್ನು ಪದ್ಧತಿಯಂತೆ ಗುಣಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡಿದರು. ನಮ್ಮ ತಾತನನ್ನೂ ಅದೇ ವರ್ಷ ನಮ್ಮ ಹೊಲದ ಮೂಲೆಯಲ್ಲಿ ಹಾಗೇ ಕೂರಿಸಿದ್ದೆವು. ಕೇಳುತ್ತ ಅವ್ವ ಕಣ್ಣೊರೆಸಿಕೊಂಡಳು. ಎರಡನೇ ಕಂತಿನಲ್ಲಿ, ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ತಮ್ಮನ ಮಕ್ಕಳು ಮೂವರು ಯಜಮಾನನಿಗೆ ಒಂದು ಬುಟ್ಟಿ ಕಜ್ಜಾಯ ಕಳಿಸಿದರು. ಅದರೊಳಗೆ ವಿಷ. ಮೂರನೆಯದರಲ್ಲಿ ಯಜಮಾನ ಸತ್ತ ಸುದ್ದಿ. ಆ ಮೂವರು ಬರುವಷ್ಟರಲ್ಲಿ ಮಣ್ಣೂ ಆಗಿತ್ತು. ಹಳೆಯ ಆಳು ಜಾಗ ತೋರಿಸಿದ. "ಮಂಚದುದ್ದ ಗುಣಿ ತೋಡಿದೆ ಸ್ವಾಮಿ, ಒಳಗೆ ಆರಾಮಾಗಿ ಮಲಗಿಸಿದ್ದೀನಿ." ಮೂವರೂ ಎದೆ ಎದೆ ಬಡಿದುಕೊಂಡು ಅತ್ತರು. ವಿಚಾರಣೆಗೆ ಬಂದ ಇನ್‌ಸ್ಪೆಕ್ಟರಿಗೆ ಆಳು ಬರೀ ಕಪ್ಪು ಕಾಫಿ ಕೊಟ್ಟು, ಮನೆಯಲ್ಲಿ ಹಾಲಿಲ್ಲ ಎಂದ. ಅಲ್ಲಿಗೆ ನಿಲ್ಲಿಸಿದರು. ನಿಜವಾಗಿ ನಡೆದದ್ದೇನೆಂದು ಕಾರ್ಡು ಬರೆಯಿರಿ, ಸರಿಯಾಗಿ ಬರೆದವರ ಹೆಸರನ್ನು ಕೊನೆಯ ಕಂತಿನಲ್ಲಿ ಓದುತ್ತೇವೆ ಎಂದರು.

ಕಟ್ಟೆಯ ಮೇಲೆ ಗಲಾಟೆಯೋ ಗಲಾಟೆ. ಮೊದಲು ಎದ್ದು ನಿಂತವರು ಅಪ್ಪನೇ. "ಯಾವ ಮುಠ್ಠಾಳನ್ಲಾ ಇದ ಬರ್ದವ್ನು? ನಮ್ಮೋರ್ನ ಮಲಗ್ಸಿ ಊಳ್ತಾರೇನ್ಲಾ?"

"ಪ್ಯಾಟೆಯೋನು ಕಣ್ರಿ, ಅವ್ನಿಗೇನು ಗೊತ್ತು!" ಎಂದಿತು ಇನ್ನೊಂದು ದನಿ. ಪೇದೆ ಅಡಿಗೆಯವನದೇ ಕೈವಾಡ ಎಂದರು. ಆ ಕಥೆಯಲ್ಲಿ ಅಡಿಗೆಯವನೇ ಇರಲಿಲ್ಲ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನನಗೆ ನಗು ಬರಲಿಲ್ಲ. ಹೆಂಡತಿಯನ್ನು ಸರಿಯಾಗಿ ಕೂರಿಸಿದವನು ಗಂಡನನ್ನು ಯಾಕೆ ಮಲಗಿಸಿದ? ಬರೆದವನಿಗೆ ಪದ್ಧತಿ ಗೊತ್ತು, ಗೊತ್ತಿದ್ದೇ ಬರೆದಿದ್ದಾನೆ. ಹಾಗಾದರೆ ಗುಣಿಯಲ್ಲಿರುವುದು ಯಜಮಾನನಲ್ಲ. ಮತ್ಯಾರು? ಮಾರನೇ ಬೆಳಿಗ್ಗೆ ಎಮ್ಮೆ ಕರೆಯುತ್ತ ಕೂತಿದ್ದೆ, ಚೊಂಬು ಅರ್ಧ ತುಂಬಿತ್ತು. ಮನೆಯಲ್ಲಿ ಹಾಲಿಲ್ಲ ಅಂದನಲ್ಲ! ಅಷ್ಟು ದೊಡ್ಡ ಮನೆ, ಮೊದಲ ಕಂತಿನಲ್ಲಿ ಎಮ್ಮೆ ಕೂಗಿದ್ದನ್ನು ನಾನೇ ಕೇಳಿದ್ದೆ. ಅಯ್ಯೋ ಶಿವನೇ ಎಂದು ದಡಕ್ಕನೆ ಎದ್ದೆ. ನಮ್ಮ ಎಮ್ಮೆ ಬೆದರಿ ಚೊಂಬನ್ನು ಒದ್ದಿತು. ಅವ್ವ ಬಾಯಿಗೆ ಬಂದಂತೆ ಬೈದಳು. ಬೈಯಲಿ!

ಓಡಿಹೋಗಿ ಅಪ್ಪನಿಗೆ ಹೇಳಿದೆ: ಯಜಮಾನ ಬದುಕಿದ್ದಾನೆ, ಕಜ್ಜಾಯ ತಿಂದು ಸತ್ತದ್ದು ಎಮ್ಮೆ, ಗುಣಿಯಲ್ಲಿರುವುದೂ ಅದೇ. ಅಪ್ಪ ನನ್ನನ್ನು ಕಟ್ಟೆಯವರೆಗೂ ಕರೆದುಕೊಂಡು ಹೋಗಿ ಅಲ್ಲಿದ್ದವರಿಗೆಲ್ಲ ಸಾರಿದರು. "ಎಮ್ಮೆಯಂತೆ ಕಣ್ರಪ್ಪೋ! ಆ ಮೂರೂ ಜನ ಅತ್ತಿದ್ದು ಎಮ್ಮೆಗಂತೆ!" ಮತ್ತೆ ನಗು. ನನಗೆ ಮೈಯೆಲ್ಲ ಉರಿಯಿತು.

"ನನ್ನೆಸ್ರು ರೇಡಿಯೋದಲ್ಲಿ ಬಂದ್ರೆ?" ಎಂದೆ.

"ಬಂದ್ರೆ ನಾನೇ ನಿನ್ನ ಕೊಳ್ಳೇಗಾಲದ ಬಸ್ಸು ಅತ್ತಿಸ್ತೀನಿ, ಓಗು!"

"ಎಲ್ರೂ ಕೇಳುಸ್ಕಂಡ್ರಾ?"

"ಕೇಳುಸ್ಕಂಡೊ ಕಣವ್ವಾ," ಎಂದರು ಪೇದೆ. ಪೊಲೀಸಿನ ಸಾಕ್ಷಿಯೇ ಸಿಕ್ಕಂತಾಯಿತು. ಮೇಷ್ಟರ ಹತ್ತಿರ ಒಂದು ಕಾರ್ಡು ಕೇಳಿ ಬರೆದೆ, ಕೊಳ್ಳೇಗಾಲದ ಅಂಚೆ ಡಬ್ಬಕ್ಕೆ ಹಾಕಿ ಎಂದು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಮರೆತುಬಿಟ್ಟರೆ ನನ್ನ ಗತಿ ಏನು ಎಂದು ವಾರವೆಲ್ಲ ಕಂಡಕಂಡ ದೇವರಿಗೆ ಕೈ ಮುಗಿದೆ.

ಬುಧವಾರ ಬಂತು. ರೇಡಿಯೋದಲ್ಲಿ ತಿಥಿಯೂಟ ನಡೆಯುತ್ತಿತ್ತು. ಆಳು ಅದೇ ಬುಟ್ಟಿಯ ಕಜ್ಜಾಯ ತಂದು ಎಲೆಗೆ ಬಡಿಸಿದ. ಮೂವರಲ್ಲಿ ಒಬ್ಬನೂ ಮುಟ್ಟಲಿಲ್ಲ. "ಯಾಕ್ರಪ್ಪಾ, ನೀವೇ ಕಳಿಸಿದ್ದಲ್ವಾ, ತಿನ್ನಿ!" ಎಂದು ಅಟ್ಟದ ಮೇಲಿಂದ ಯಜಮಾನನ ದನಿ ಬಂತು. ಇನ್‌ಸ್ಪೆಕ್ಟರು ಗುಣಿ ಅಗೆಸಿದ. ಒಳಗೆ ಎಮ್ಮೆ!

ಎಲ್ಲರೂ ಅಪ್ಪನನ್ನೇ ನೋಡಿದರು. "ಸರಿಯುತ್ತರ ಬಂದದ್ದು ಒಂದೇ. ಕೊಳ್ಳೇಗಾಲ ತಾಲ್ಲೂಕು, ರಾಮಾಪುರದಿಂದ..." ಎಂದಿತು ರೇಡಿಯೋ. ನನ್ನ ಹೆಸರು ಬಂತು, ಬೆನ್ನಿಗೇ ಅಪ್ಪನ ಹೆಸರು. ಜಗಲಿಯ ಹೆಂಗಸರು ಹೋ ಎಂದು ಕೂಗಿದ ಸದ್ದಿಗೆ ನಾಯಿಗಳು ಎದ್ದು ಓಡಿದವು. ಪೇದೆ ಟೋಪಿ ಹಾಕಿಕೊಂಡು, ಎದ್ದು ನಿಂತು, ನನಗೆ ಸಲ್ಯೂಟ್ ಹೊಡೆದರು. ನನಗಾದ ಖುಷಿ ಹೇಳತೀರದು, ಜಗಲಿಯಿಂದ ಹಾರಿ ಕಟ್ಟೆ ಹತ್ತಿಯೇಬಿಟ್ಟೆ. ಹೆಣ್ಣುಮಕ್ಕಳು ಅಲ್ಲಿ ಹತ್ತುವಂತಿರಲಿಲ್ಲ. ಆ ದಿನ ಯಾರೂ ಇಳಿ ಎನ್ನಲಿಲ್ಲ.

ಸ್ಕೂಲು ಶುರುವಾಗುವ ವಾರ ಅಪ್ಪ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಹೊರಟರು. ಹತ್ತಿರದ ಓಣಿ ಬಿಟ್ಟು, ಬೇಕೆಂದೇ ಕಟ್ಟೆಯ ಮುಂದೆ ಸುತ್ತಿಕೊಂಡು ಹೋದರು. "ರೇಡಿಯೋದಲ್ಲಿ ಬಂದೋಳು, ನನ್ ಮಗ್ಳು," ಎಂದು ಕೇಳದವರಿಗೂ ಹೇಳಿದರು. ನನ್ನನ್ನು ಬಸ್ಸಿನ ಸೀಟಿನಲ್ಲಿ ಕೂರಿಸಿ, ಕೆಳಗಿಳಿದು, ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅಲ್ಲ ಕಣಮ್ಮಿ, ನಾವೆಲ್ಲ ನಗ್ತಿದ್ದಾಗ ನೀನೊಬ್ಳೇ ಯಾಕ್ ನಗ್ನಿಲ್ಲ?"

"ನಿಮ್ಗೆಲ್ಲ ಬರ್ದೋನು ದಡ್ಡ ಅನ್ನಿಸ್ತು ಅಪ್ಪ. ನಂಗೆ ಅನ್ನಿಸ್ನಿಲ್ಲ."

ಕಂಡಕ್ಟರು ಬಾಯಿ ತೆಗೆಯುವ ಮೊದಲೇ ಅಪ್ಪ ಬಸ್ಸಿಗೆ ಎರಡು ಏಟು ಹಾಕಿ, ಊರಿಗೆಲ್ಲ ಕೇಳುವಂತೆ "ರೈಟ್!" ಎಂದು ಕೂಗಿದರು.