ಏಕಾದಶಿಯ ದಿನ ಅಡುಗೆಮನೆಯಲ್ಲಿ ಎಕ್ಸ್‌ಚೇಂಜ್

ಚೆನ್ನೈನ ತಿರುವಲ್ಲಿಕೇಣಿಯ ಈ ಗಲ್ಲಿಯಲ್ಲಿ ಇವತ್ತು ಒಲೆ ಹೊತ್ತಿಸುವ ಮನೆಗಳು ಕಡಿಮೆ. ಏಕಾದಶಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಹಾಲಿನವನ ಸೈಕಲ್ ಕೂಡ ಬಂದಿಲ್ಲ. ಆದರೆ ಜಯಲಕ್ಷ್ಮೀ ಅವರ ಅಡುಗೆಮನೆಯಿಂದ ಗ್ರೈಂಡರ್ ತಿರುಗಿದಂಥ ಸದ್ದು ಬರುತ್ತಿದೆ. ನಿರ್ಜಲ ಉಪವಾಸ ಮಾಡುವವರ ಮನೆಯಲ್ಲಿ ಈ ಹೊತ್ತಿಗೆ ಯಾರಿಗಾಗಿ ಹಿಟ್ಟು ರುಬ್ಬುತ್ತಿದ್ದಾರೆ ಎಂದು ನಾನು ಬಾಗಿಲಲ್ಲೇ ನಿಂತು ಇಣುಕುತ್ತೇನೆ.

ಗ್ಯಾಸ್ ಒಲೆಯನ್ನು ಕೆಳಗಿಳಿಸಿ ಮೂಲೆಗೆ ಸರಿಸಿದ್ದಾರೆ. ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಒಲೆ ಇರಬೇಕಾದ ಜಾಗದಲ್ಲಿ, ಬಣ್ಣ ಮಾಸಿದ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗಿನ ಫ್ಯಾನಿನದೇ ಅಷ್ಟು ಗಲಾಟೆ. ಪಕ್ಕದಲ್ಲಿ ತೆರೆದಿಟ್ಟ ಲ್ಯಾಪ್‌ಟಾಪ್. ಪೆಟ್ಟಿಗೆಯ ಬೆನ್ನಿನಿಂದ ಹೊರಟ ಎರಡು ತಂತಿಗಳ ತುದಿಯಲ್ಲಿ ಎರಡು ಹಳೆಯ ಫೋನುಗಳು. ಒಂದು ಕಟ್ಟೆಯ ಮೇಲಿದೆ, ಇನ್ನೊಂದರ ತಂತಿ ಬಾಗಿಲು ದಾಟಿ ದೇವರ ಕೋಣೆಯ ಕಡೆ ಹೋಗಿದೆ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಜಯಲಕ್ಷ್ಮೀ ರಿಸೀವರ್ ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಆಮೇಲೆ ನನ್ನ ಕಡೆ ಚಾಚುತ್ತಾರೆ. ಊಂ ಎಂಬ ಹಳೆಯ ಡಯಲ್ ಟೋನ್. ಮೊಬೈಲ್ ಬಂದ ಮೇಲೆ ನಾನು ಇದನ್ನು ಮರೆತೇಬಿಟ್ಟಿದ್ದೆ.

"ಇದು ಬಂತು ಅಂದ್ರೆ ಜೀವ ಇದೆ ಅಂತ ಅರ್ಥ," ಎನ್ನುತ್ತಾರೆ ಅವರು. "ಏಕಾದಶಿ ದಿನ ಕಟ್ಟೆ ಖಾಲಿ, ಮಿಕ್ಸಿ ಪ್ಲಗ್ ಖಾಲಿ. ಹುಳಿಗೆ ಏನು ಹಾಕ್ಲಿ ಅನ್ನೋ ಯೋಚ್ನೆ ಇಲ್ಲ, ತಲೇನೂ ಖಾಲಿ. ಇದಕ್ಕಿಂತ ಒಳ್ಳೆ ದಿನ ಎಲ್ಲಿ ಸಿಗತ್ತೆ ಹೇಳಿ, ಓದಕ್ಕೆ?"

ಜಯಲಕ್ಷ್ಮೀ ನುಂಗಂಬಾಕ್ಕಂನ ಒಂದು ಖಾಸಗಿ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಮದುವೆಯಾದ ಹೊಸದರಲ್ಲಿ ಸೇರಿದವರು, ಇನ್ನು ಕೆಲವೇ ವರ್ಷಕ್ಕೆ ನಿವೃತ್ತಿ. ಏಕಾದಶಿಗೆ ರಜೆ ತೆಗೆದುಕೊಂಡು ಬದಲಿಗೆ ಭಾನುವಾರ ದುಡಿಯುವುದು ಅವರ ಹಳೆಯ ಒಪ್ಪಂದ. ಆಸ್ಪತ್ರೆಯ ನಂಬರಿಗೆ ಯಾರೇ ಕರೆ ಮಾಡಿದರೂ ಮೊದಲು ಕೇಳುತ್ತಿದ್ದದ್ದು ಇವರ ದನಿ. ಅವರ ಮುಖ ಕಂಡವರು ಮಾತ್ರ ಕಡಿಮೆ. ನೆಲಮಾಳಿಗೆಯಲ್ಲಿ, ಲಿಫ್ಟಿನ ಹಿಂದಿನ ಕಿರುಕೋಣೆಯಲ್ಲಿ ಅವರ ಕುರ್ಚಿ.

ಆ ಕುರ್ಚಿಗೇ ಈಗ ಸಂಚಕಾರ ಬಂದಿದೆ. ಆಸ್ಪತ್ರೆ ಹಳೆಯ ಎಕ್ಸ್‌ಚೇಂಜ್ ಕಿತ್ತು, ಇಂಟರ್ನೆಟ್ ತಂತಿಯಲ್ಲೇ ಮಾತಾಡುವ ಹೊಸ ವ್ಯವಸ್ಥೆ ತಂದಿದೆ. ಕರೆ ಮಾಡಿದರೆ ರೆಕಾರ್ಡ್ ಮಾಡಿದ ಒಂದು ದನಿ ಮಾತಾಡುತ್ತದೆ. ವೈದ್ಯರ ಭೇಟಿಗೆ ಒಂದು ಒತ್ತಿ, ಲ್ಯಾಬಿಗೆ ಎರಡು ಒತ್ತಿ. ಏನೂ ಒತ್ತದಿದ್ದರೆ ಅದೇ ಮಾತನ್ನು ಮತ್ತೆ ಹೇಳಿ, ಮತ್ತೂ ಹೇಳಿ, ಕೊನೆಗೆ ಕರೆ ಕಡಿದು ಹಾಕುತ್ತದೆ. ಆಪರೇಟರ್ ಬೇಕಿಲ್ಲ. ಜಯಲಕ್ಷ್ಮೀ ಅವರನ್ನು ಔಷಧಿ ಉಗ್ರಾಣಕ್ಕೆ ಕಳಿಸುವುದು ಎಂದು ತೀರ್ಮಾನವಾಗಿತ್ತು.

"ಉಗ್ರಾಣಕ್ಕೆ ಹೋಗಕ್ಕೆ ನಂಗೇನು? ಸಂಬಳ ಅದೇ ತಾನೆ. ಆದರೆ ಮನೇಲಿ ಯಾರಾದ್ರೂ ಬಿದ್ದುಬಿಟ್ರು ಅಂತ ಇಟ್ಕೊಳ್ಳಿ, ಆವಾಗ ಫೋನ್ ಮಾಡೋರು ಬಟನ್ ಒತ್ತಲ್ಲ. ಕೈ ನಡುಗ್ತಾ ಇರತ್ತೆ. 'ಹಲೋ, ಹಲೋ' ಅಂತಾರೆ, ಅಷ್ಟೇ. ಪಾವಂ, ಅವರಿಗೆ ಮಿಷಿನ್ ಅಂತಾನೇ ಗೊತ್ತಾಗಲ್ಲ." ಈ ಮಾತು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿದೆ. ಕಸ್ಟಮರ್ ಕೇರಿನ ರೆಕಾರ್ಡಿಂಗ್ ಜೊತೆ ಜಗಳಕ್ಕಿಳಿಯುವ ನನ್ನಂಥವನಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.

ಅವರು ಕೇಳಿದ್ದು ಇಷ್ಟೇ: ಏನೂ ಒತ್ತದವರ ಕರೆ ಕಡಿಯಬೇಡಿ, ನನ್ನ ಕುರ್ಚಿಗೆ ಕಳಿಸಿ. ಆಡಳಿತಾಧಿಕಾರಿಗಳು, ಹೊಸ ಯಂತ್ರ ತಿಳಿಯದವರನ್ನು ಅದರ ಮುಂದೆ ಕೂರಿಸುವುದು ಹೇಗೆ ಎಂದರು. ಆ ಮಾತು ತಪ್ಪೂ ಆಗಿರಲಿಲ್ಲ. ಹಾಗಾದರೆ ಕಲಿತೇ ತೋರಿಸುತ್ತೇನೆ ಎಂದು ಜಯಲಕ್ಷ್ಮೀ ಹಟ ಹಿಡಿದರು.

ಆಫೀಸುಗಳಿಗೆ ಇಂಟರ್ನೆಟ್ ಹಂಚಲು ಬಳಸುತ್ತಿದ್ದ ಹಳೆಯ ದೊಡ್ಡ ರೌಟರುಗಳ ಬೆನ್ನಲ್ಲಿ ಖಾಲಿ ಖಾನೆಗಳಿರುತ್ತವೆ. ಅದರೊಳಗೆ ಧ್ವನಿಯ ಕಾರ್ಡ್ ತೂರಿಸಿದರೆ ರೌಟರೇ ಒಂದು ಪುಟ್ಟ ಎಕ್ಸ್‌ಚೇಂಜ್ ಆಗುತ್ತದೆ. ಹೊಸತಕ್ಕೆ ನಮ್ಮಂಥವರು ಕೈ ಹಾಕುವಂತಿಲ್ಲ, ಹಳತು ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ಈ ಗುಟ್ಟು ಹೇಳಿಕೊಟ್ಟವಳು ಗಗನಾ. ಹೊಸ ವ್ಯವಸ್ಥೆ ಕೂರಿಸಲು ಬಂದ ಕಂಪನಿಯ ಎಂಜಿನಿಯರ್, ಮಂಡ್ಯ ಕಡೆಯ ಹುಡುಗಿ. ನೆಲಮಾಳಿಗೆಯಲ್ಲಿ ಕನ್ನಡ ಕೇಳಿ ಖುಷಿಯಾಗಿ ಇವರ ಪಕ್ಕ ಊಟದ ಡಬ್ಬಿ ಬಿಚ್ಚಿದವಳು. "ನಾನೂ ಕಾಲೇಜಲ್ಲಿ ಹಳೇ ಡಬ್ಬ ಇಟ್ಕೊಂಡೇ ಕಲ್ತಿದ್ದು ಕಣ್ರೀ. ಆಸ್ಪತ್ರೆ ಮಿಷಿನ್ ಬೇರೆ, ಆದ್ರೆ ಕಾಲ್ ಎಲ್ಲಿಗೋಗ್ಬೇಕು ಅಂತ ಹೇಳೋ ರೀತಿ ಎಲ್ಲಾದ್ರಲ್ಲೂ ಒಂದೇಯ," ಎನ್ನುತ್ತಾಳೆ.

ಮಣಲಿಯ ರಿಫೈನರಿಯಲ್ಲಿ ಕೆಲಸ ಮಾಡುವ ಪತಿ ಮಧ್ವರಾಜ, ರಾಯಪುರಂನ ಒಂದು ಗೋದಾಮಿನಿಂದ ರೌಟರನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದರು. ಇಲ್ಲೊಂದು ಅನಾಹುತ ಕಾದಿತ್ತು. ಗೋದಾಮಿನ ಪಕ್ಕದಲ್ಲೇ ಒಣಮೀನಿನ ಮಂಡಿ. ಎಷ್ಟು ಕಾಲ ಅಲ್ಲಿ ಬಿದ್ದಿತ್ತೋ, ಪೆಟ್ಟಿಗೆಯ ಸಂದುಸಂದಿನಲ್ಲೂ ಆ ವಾಸನೆ. ಮನೆಯ ಹಿರಿಯ ಜೀವ, ಜಯಲಕ್ಷ್ಮೀ ಅವರ ಅತ್ತೆ, ಮಡಿಯಲ್ಲಿದ್ದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಆದರೂ ಸೊಸೆಯ ಆಸೆಗೆ ಅಡ್ಡ ಬರಬಾರದೆಂದು ತಮಗೆ ತಿಳಿದ ಉಪಾಯ ಮಾಡಿದರು. ಕಾಶಿಯಿಂದ ತಂದು ದೇವರ ಮುಂದೆ ಇಟ್ಟಿದ್ದ ಗಂಗೆಯ ತಂಬಿಗೆಯ ಬೆಸುಗೆ ಒಡೆಸಿ, ತುಳಸಿ ಎಲೆಯಿಂದ ಯಂತ್ರದ ಮೇಲೆಲ್ಲ ಧಾರಾಳವಾಗಿ ಪ್ರೋಕ್ಷಣೆ ಮಾಡಿದರು. ಗಾಳಿಗೆಂದು ಬಿಟ್ಟ ತೂತುಗಳಿಂದ ಗಂಗೆ ನೇರವಾಗಿ ಒಳಗಿಳಿದಳು. ಸಂಜೆ ಕೆಲಸದಿಂದ ಬಂದ ಜಯಲಕ್ಷ್ಮೀ ಇದ್ಯಾವುದೂ ತಿಳಿಯದೆ ಸ್ವಿಚ್ ಹಾಕಿದರು. ಚಟ್ ಎಂದಿತು. ರೌಟರ್ ಹೇಗೋ ಉಳಿಯಿತು, ಧ್ವನಿಯ ಕಾರ್ಡ್ ಸುಟ್ಟುಹೋಯಿತು.

ದೇವರ ಕೋಣೆಯ ಹೊಸ್ತಿಲಲ್ಲಿ ಕೂತ ಅತ್ತೆ ಈಗಲೂ ಅದನ್ನು ನಗುತ್ತಾ ಹೇಳಲಾರರು. "ಶುದ್ಧ ಆಗ್ಲಿ ಅಂತ ಮಾಡಿದೆ ಪಾ. ನನ್ನ ಕೊನೆಗಾಲಕ್ಕೆ ಅಂತ ಇಟ್ಟಿದ್ದ ಗಂಗೆ ಅದು. ಕರುವಾಡು ನಾತ ಹೋಗತ್ತೆ ಅಂದ್ಕೊಂಡೆ, ಉಸಿರೇ ಹೋಗತ್ತೆ ಅಂತ ಯಾರಿಗೆ ಗೊತ್ತು?" ಕರುವಾಡು ಎಂದರೆ ಇಲ್ಲಿಯವರ ಮಾತಿನಲ್ಲಿ ಒಣಮೀನು. ಸೊಸೆ ಅವತ್ತು ಬೈಯುವ ಬದಲು ಕೂತು ಪೆಟ್ಟಿಗೆಯೊಳಗಿನ ನೀರು ಒರೆಸಿದಳಂತೆ. ಅದೇ ತನಗೆ ಹೆಚ್ಚು ನೋವಾಯಿತು ಎನ್ನುತ್ತಾರೆ ಅತ್ತೆ.

ಎರಡನೆಯ ಕಾರ್ಡ್ ಹುಡುಕಿ ತಂದದ್ದಾಯಿತು. ಅದರಲ್ಲಿ ದೀಪ ಉರಿಯಿತು, ಫೋನ್ ಮಾತ್ರ ಮೂಕ. ಎರಡು ಏಕಾದಶಿಗಳು ಅದರ ಮುಂದೆ ಕೂತೇ ಕಳೆದವು. ಕೊನೆಗೆ ಫೋಟೊ ನೋಡಿದ ಗಗನಾ ಹಣೆ ಚಚ್ಚಿಕೊಂಡಳು. ಈ ಕಾರ್ಡುಗಳಲ್ಲಿ ಎರಡು ಜಾತಿ. ಒಂದು ಫೋನಿಗೆ ಟೋನ್ ಕೊಡುವಂಥದ್ದು, ಇನ್ನೊಂದು ಹೊರಗಿನ ಲೈನಿನಿಂದ ಟೋನ್ ಬರಲೆಂದು ಕಾಯುವಂಥದ್ದು. ನೋಡಲು ಅವಳಿಜವಳಿ. ತಂದದ್ದು ಕಾಯುವ ಜಾತಿಯದು. "ಫೋನೂ ಕಾಯ್ತಾ ಇತ್ತು, ಕಾರ್ಡೂ ಕಾಯ್ತಾ ಇತ್ತು," ಎಂದು ಜಯಲಕ್ಷ್ಮೀ ನಗುತ್ತಾರೆ. "ಬೀಗರ ಮನೇಲಿ ನೀವು ಮೊದಲು ಊಟಕ್ಕೆ ಏಳಿ, ನೀವು ಮೊದಲು ಏಳಿ ಅಂತ ಕೂತ್ಕೊಂಡಿರ್ತಾರೆ ನೋಡಿ, ಹಾಗೆ."

ಗೋದಾಮಿನವನು ಪುಣ್ಯಾತ್ಮ, ಬದಲಾಯಿಸಿ ಕೊಟ್ಟ. ಟೋನ್ ಬಂತು. ಮುಂದಿನ ಏಕಾದಶಿಗೆ ಜಯಲಕ್ಷ್ಮೀ ತಮ್ಮದೇ ದನಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ರೆಕಾರ್ಡ್ ಮಾಡಿ ರೌಟರಿಗೆ ತುಂಬಿದರು. ಪರೀಕ್ಷೆಗೆ ಹೊರಗಿನವರು ಬೇಕಿತ್ತು. ಮಗಳು ಶ್ರೀಪ್ರಿಯಾಳನ್ನು ಕರೆದರೆ, "ಅಮ್ಮಾ, ಎನಕ್ಕು ಕ್ಲಾಸ್ ಇರುಕ್ಕು," ಎಂದು ತಮಿಳಿನಲ್ಲೇ ಹೇಳಿ ಚಪ್ಪಲಿ ಮೆಟ್ಟಿದಳು. ಗಂಗೆಯ ಪ್ರಸಂಗದ ಸಂಕೋಚ ಇನ್ನೂ ಇದ್ದ ಅತ್ತೆ, ನಾನು ಮಾಡುತ್ತೇನೆ ಎಂದು ತಾವೇ ಮುಂದೆ ಬಂದರು. ದೇವರ ಕೋಣೆಯ ಪಕ್ಕ ಫೋನ್ ಇಟ್ಟದ್ದು ಆವಾಗ.

ಅತ್ತೆ ಡಯಲ್ ಮಾಡಿದರು. ಕಿವಿಯಲ್ಲಿ ಸೊಸೆಯ ದನಿ ಒಂದು ಒತ್ತಿ ಎಂದಿತು. ಅತ್ತೆ, "ಯಾಕೆ ಒತ್ತಲಿ? ಜಯಾ, ನಾನು ಕಣೇ," ಎಂದರು. ದನಿ ಎರಡು ಒತ್ತಿ ಎಂದಿತು. "ಕೇಳಿಸ್ತಾ ಇಲ್ವಾ ನಿಂಗೆ? ಏನಾಯ್ತೇ?" ಎಂದು ಅತ್ತೆ ಗಾಬರಿಯಾಗಿ ಅಡುಗೆಮನೆಗೇ ಓಡಿ ಬಂದರು. ಸೊಸೆ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ, ಅವಳ ದನಿ ಮಾತ್ರ ಫೋನಿನೊಳಗೆ ಮಾತಾಡುತ್ತಲೇ ಇದೆ. ಅತ್ತೆಯ ಕಣ್ಣಲ್ಲಿ ನೀರು ಬಂದುಬಿಟ್ಟಿತು. ತನ್ನ ಮನೆಯಲ್ಲೇ ಹೀಗಾದರೆ ಎದೆನೋವಿನವರ ಮನೆಯವರ ಗತಿ ಏನು ಎಂದು ಜಯಲಕ್ಷ್ಮೀ ಅವತ್ತೇ ಕೂತು ಕಲಿತದ್ದು ಒಂದೇ ಪಾಠ: ಸುಮ್ಮನಿರುವವರ ಕರೆಯನ್ನು ಮನುಷ್ಯರ ಕಡೆ ತಿರುಗಿಸುವುದು. ಕತ್ತಲಾಗುವಷ್ಟರಲ್ಲಿ ಕಟ್ಟೆಯ ಮೇಲಿನ ಫೋನ್ ರಿಂಗಾಯಿತು, ಆ ತುದಿಯಲ್ಲಿ ಏನೂ ಒತ್ತದ ಅತ್ತೆ.

ಇಷ್ಟನ್ನೂ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಅಧಿಕಾರಿಗಳು ಫೋನ್ ಎತ್ತಿ, ರೆಕಾರ್ಡಿಂಗ್ ಕೇಳಿ, ಸರಿಯಾದ ಬಟನ್ ಒತ್ತಿ, ಇದು ಸುಲಭವಾಗಿಯೇ ಇದೆಯಲ್ಲಮ್ಮ ಎಂದರು. ಜಯಲಕ್ಷ್ಮೀ ಅವರಿಗೆ ಅತ್ತೆಯನ್ನು ಕರೆತರಬೇಕಿತ್ತು ಎನಿಸಿತಂತೆ. ಗಗನಾಳೇ, ಆಸ್ಪತ್ರೆ ಮಿಷಿನ್ನಲ್ಲೂ ಒಂದು ತಿಂಗಳು ಹೀಗೆ ಇಟ್ಟು ನೋಡೋಣ ಸಾರ್, ಒಂದು ಬದಲಾವಣೆ ಅಷ್ಟೇ ಎಂದು ಹೇಳಿ ಒಪ್ಪಿಸಿದಳು. ನಾನು ಈ ಅಡುಗೆಮನೆಯಲ್ಲಿ ಕೂತಿರುವಾಗ ಆ ತಿಂಗಳು ಮುಗಿಯುತ್ತಾ ಬಂದಿದೆ. ಆಮೇಲೆ ಕುರ್ಚಿಯೋ ಉಗ್ರಾಣವೋ ಯಾರೂ ಹೇಳಿಲ್ಲ.

ಏನೂ ಒತ್ತದ ಕರೆಗಳು ಬಂದವೇ ಎಂದು ಕೇಳುತ್ತೇನೆ. "ಆಮಾ, ದಿನಾ ಬರತ್ತೆ. ಮೊನ್ನೆ ಕಾಸಿಮೇಡಿಂದ ಒಬ್ಬರು. 'ಅಮ್ಮಾ' ಅಂದ್ರು, ಆಮೇಲೆ ಬರೀ ಅಳು. ಅಡ್ರೆಸ್ ಕೇಳೋಷ್ಟರಲ್ಲಿ ಸಾಕಾಯ್ತು. ಆಂಬುಲೆನ್ಸ್ ಕಳಿಸಿದೆ. ಆಮೇಲೆ ಏನಾಯ್ತೋ ಗೊತ್ತಿಲ್ಲ. ನಮಗೆ ಯಾವತ್ತೂ ಅರ್ಧ ಕಥೇನೇ." ಅವರ ಕೈ ಮತ್ತೆ ಲ್ಯಾಪ್‌ಟಾಪಿನ ಮೇಲೆ. ಇಂದಿನ ಪಾಠ ಬೇರೆ. ಅವರು ಒಬ್ಬರ ಜೊತೆ ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಬಂದು ನಿಂತರೆ ಎಂಗೇಜ್ ಸದ್ದು ಕೇಳಿಸಬಾರದು, ಸಾಲಿನಲ್ಲಿ ಕಾಯಬೇಕು. ಜಯಲಕ್ಷ್ಮೀ ಲ್ಯಾಪ್‌ಟಾಪಿಗೆ ಹೆಡ್‌ಫೋನ್ ಸಿಕ್ಕಿಸಿ ಅದರಲ್ಲೇ ಕರೆ ಎತ್ತಿಕೊಳ್ಳುತ್ತಾರೆ, ಅತ್ತೆ ಒಂದು ಫೋನಿನಲ್ಲಿ, ನಾನು ಇನ್ನೊಂದರಲ್ಲಿ ಕೂತು ಸಹಾಯ ಮಾಡುತ್ತೇವೆ. ಕರೆ ಮತ್ತೆ ಮತ್ತೆ ಕಡಿದುಹೋಗುತ್ತದೆ. ಬಾಯಿಗೆ ಹನಿ ನೀರೂ ಬೀಳದೆ ಅವರು ಮಧ್ಯಾಹ್ನದವರೆಗೂ ಅದನ್ನೇ ತಿದ್ದುತ್ತಾರೆ. ನಾನು ಕಾಫಿ ನೆಪ ಹೇಳಿ ಎದ್ದು ಬರುತ್ತೇನೆ.

ಪರೀಕ್ಷೆಯ ತಿಂಗಳು ಮುಗಿದ ಮರುದಿನ ಬೆಳಿಗ್ಗೆ ತಡೆಯಲಾರದೆ ಆಸ್ಪತ್ರೆಯ ನಂಬರ್ ಒತ್ತುತ್ತೇನೆ. ರೆಕಾರ್ಡ್ ಮಾಡಿದ ದನಿ ಒಂದು ಒತ್ತಿ ಎನ್ನುತ್ತದೆ, ಎರಡು ಒತ್ತಿ ಎನ್ನುತ್ತದೆ. ನಾನು ಬೆರಳು ಮಡಚಿಕೊಂಡು ಕೂತಿದ್ದೇನೆ. ದನಿ ನಿಲ್ಲುತ್ತದೆ. ಲೈನ್ ಸತ್ತಿತೇನೋ ಎಂದುಕೊಳ್ಳುವಷ್ಟರಲ್ಲಿ ಎಲ್ಲೋ ಒಂದು ಗಂಟೆ ಬಡಿದುಕೊಳ್ಳುತ್ತದೆ.

"ವಣಕ್ಕಂ, ಸೊಲ್ಲುಂಗ."

ಹೇಳಿ ಎನ್ನುತ್ತಿರುವ ದನಿ ಜಯಲಕ್ಷ್ಮೀ ಅವರದೇ. ನನ್ನ ಹೆಸರು ಹೇಳಿ, ಹಾಗಾದರೆ ಕುರ್ಚಿ ಉಳಿಯಿತಲ್ಲ ಎನ್ನುತ್ತೇನೆ.

"ಅಯ್ಯೋ, ನೀವಾ? ಆಮಾ, ಸಾರ್ ನಿನ್ನೆ 'ಇರಲಿ ಬಿಡಿ' ಅಂದ್ರಂತೆ, ಗಗನಾ ಹೇಳಿದ್ಲು. ಆ ಸಾಲಿನ ಪಾಠ ಮಾತ್ರ ಇನ್ನೂ ಸರಿ ಹೋಗಿಲ್ಲ. ಶರಿ, ಇಡಿ ಇಡಿ, ಲೈನ್ ಬಿಡಿ. ಯಾರಾದ್ರೂ ಸುಮ್ಮಾ ಹಲೋ ಹಲೋ ಅಂತಿರ್ತಾರೆ."