ನಾಳೆ ನೋಡಿ ಹೇಳುವ ಮಾವ

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು 'ನಾಳೆ ಮೆಕ್ಯಾನಿಕ್'. ಫ್ರಿಜ್ ರಿಪೇರಿ ಅವರ ಕಸುಬು. ಯಾರ ಮನೆಗೆ ಹೋದರೂ ಹಿಂಬದಿಯ ಮುಚ್ಚಳ ಬಿಚ್ಚಿ, ಮಾಡುವುದನ್ನೆಲ್ಲ ಮಾಡಿ, ಕೊನೆಗೆ ಒಂದು ಸ್ಟೀಲ್ ಲೋಟದ ನೀರಿನಲ್ಲಿ ಉದ್ದನೆಯ ಥರ್ಮಾಮೀಟರ್ ನಿಲ್ಲಿಸಿ ಫ್ರಿಜ್ಜಿನೊಳಗೆ ಇಡುತ್ತಿದ್ದರು. "ಸರಿಹೋಯ್ತಾ?" ಎಂದು ಕೇಳಿದರೆ "ನಾಳೆ ನೋಡಿ ಹೇಳ್ತೀನಿ" ಎಂಬುದೊಂದೇ ಉತ್ತರ. ಬಾಗಿಲು ತೆಗೆದಾಗ ಮುಖಕ್ಕೆ ಬರುವ ತಂಪನ್ನು ನಂಬಬಾರದು, ರಾತ್ರಿಯಿಡೀ ಇಟ್ಟ ನೀರನ್ನು ನಂಬಬೇಕು ಎಂಬುದು ಅವರ ವಾದ. ಮರುದಿನ ಬಂದು ಥರ್ಮಾಮೀಟರ್ ಓದಿದ ಮೇಲೆಯೇ ದುಡ್ಡಿನ ಮಾತು. ಇಂಥ ಮನುಷ್ಯ ಜೀವನದಲ್ಲಿ ಮರುದಿನ ಹೋಗಿ ಲೋಟ ನೋಡದೇ ಇದ್ದದ್ದು ಒಂದೇ ಒಂದು ಸಲ.

ಮಾವ ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದರು. ಅಮ್ಮನಿಗಿಂತ ಒಂಬತ್ತು ವರ್ಷ ಚಿಕ್ಕವರು. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಮ್ಮನೇ ಅವರನ್ನು ಎತ್ತಿ ಸಾಕಿದವಳು. ಔಷಧಿ ಬಾಟಲಿ ಕಂಡರೆ ಸಾಕು, ಮಾವ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದರಂತೆ. ಆಗ ಅಮ್ಮ ಒಂದು ಚಮಚ ತಾನು ಕುಡಿದು, ಬಾಯಿ ತೆರೆದು ತೋರಿಸಿ, "ನೋಡು, ನಾನು ಸತ್ತಿಲ್ಲ. ಈಗ ನೀನು" ಎನ್ನುತ್ತಿದ್ದಳಂತೆ. ಈ ಕತೆಯನ್ನು ಅಮ್ಮ ಬಂದವರಿಗೆಲ್ಲ ಹೇಳಿ, ಐವತ್ತು ದಾಟಿದ ತಮ್ಮನನ್ನು ನಾಚಿಸುತ್ತಿದ್ದಳು.

ಊರೂರಿಗೆ ಆ ಕೆಮ್ಮು-ಜ್ವರದ ಕಾಯಿಲೆ ಬಂದ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯವಿದ್ದದ್ದು ಅಮ್ಮನಿಗೆ. ಅವಳಿಗೆ ಮೊದಲಿನಿಂದಲೂ ಉಬ್ಬಸ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಎರಡು ರವಿಕೆ ಹೊಲಿಯುವಷ್ಟರಲ್ಲಿ ಒಂದು ಸಲ ಎದ್ದು ಕಿಟಕಿಯ ಬಳಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಲಸಿಕೆ ಬಂತು ಎಂದಾಗ ನನಗೆ ಜೀವ ಬಂದ ಹಾಗಾಯಿತು. ಆದರೆ ಅಮ್ಮ ತಮ್ಮನ ಕಡೆ ತಿರುಗಿದಳು.

"ಆಗ ನಾನು ಮೊದಲು ಕುಡಿದೆ. ಈಗ ನಿನ್ನ ಸರದಿ ಕಣೋ. ನೀನು ಚುಚ್ಚಿಸ್ಕೊಂಡು ಬಾ, ಮಾರನೇ ದಿನವೇ ನಾನು ಹೋಗ್ತೀನಿ."

"ನಾಳೆ ನೋಡಿ ಹೇಳ್ತೀನಿ ಅಕ್ಕ" ಎಂದರು ಮಾವ. ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು.

ಒಂದು ವಾರ ಕಳೆಯಿತು, ಎರಡಾಯಿತು. ಮಾವ ಊಟದ ತಟ್ಟೆಯ ಮುಂದೆ ಕೂತು ಕಲಸಿದ್ದನ್ನೇ ಕಲಸುತ್ತಿದ್ದರು. ಬೀದಿಯಲ್ಲಿ ಯಾರಾದರೂ ತೋಳಿಗೆ ಹತ್ತಿ ಒತ್ತಿಕೊಂಡು ಬಂದರೆ ಗೇಟಿಗೆ ಓಡಿ, "ಜ್ವರ ಬಂತಾ? ತೋಳು ಊದಿದೆಯಾ? ತಲೆ ಸುತ್ತುತ್ತಾ?" ಎಂದು ವಿಚಾರಿಸುತ್ತಿದ್ದರು. ಇಸ್ತ್ರಿ ಅಂಗಡಿಯವರು ಜ್ವರ ಬಂದು ಎರಡು ದಿನ ಅಂಗಡಿ ತೆರೆಯದಿದ್ದಾಗ ಮಾವ ಆ ಮುಚ್ಚಿದ ಬಾಗಿಲ ಮುಂದೆ ನಾಲ್ಕು ಸಲ ಸುಳಿದಾಡಿದರು. ಮೂರನೆಯ ದಿನ ಅಂಗಡಿಯವರು ಎದ್ದು ಬಂದು ಇದ್ದಿಲು ಹಚ್ಚಿದರು, ನಿಜ. ಆದರೆ ಅಷ್ಟರಲ್ಲಿ ಬೀದಿಯಲ್ಲಿ ಗುಸುಗುಸು ಎದ್ದಾಗಿತ್ತು. ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್ ರಿಪೇರಿ ಮಾಡಿದವನೇ ಚುಚ್ಚಿಸಿಕೊಂಡಿಲ್ಲ, ಒಳಗಿನ ವಿಷಯ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ, ಎಂದು. ಲಸಿಕೆಗೆ ಹೊರಟು ನಿಂತವರು ಚಪ್ಪಲಿ ಬಿಚ್ಚಿ ಒಳಗೆ ಹೋದರು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಓದು ಬರಹ ಬಲ್ಲ ನಾನು, ಮಾತ್ರೆಯ ಚೀಟಿಯನ್ನೂ ಬಿಡದೆ ಓದುವ ನಾನು, ಮಾವನ ಮುಖ ನೋಡುತ್ತ ಸುಮ್ಮನೆ ಕೂತೆ. ಆ ಮುಖದಲ್ಲಿದ್ದ ಹೆದರಿಕೆ ಯಾವುದರದ್ದು ಎಂದು ಕೇಳಲಿಲ್ಲ.

ಅದು ತಿಳಿದದ್ದು ನಮ್ಮದೇ ಫ್ರಿಜ್ ಕೆಟ್ಟಾಗ. ಮಾವ ಅದನ್ನು ಸರಿಮಾಡಿ ಕೈ ಒರೆಸಿಕೊಂಡು ಎದ್ದುಬಿಟ್ಟರು. ಲೋಟವೂ ಇಲ್ಲ, ನೀರೂ ಇಲ್ಲ.

"ಥರ್ಮಾಮೀಟರ್ ಎಲ್ಲಿ ಮಾವ?"

ಅವರು ಉಪಕರಣದ ಪೆಟ್ಟಿಗೆಯ ಬೀಗ ಹಾಕಲು ಹೋದರು. ಬೀಗ ಕೂರಲಿಲ್ಲ. ಹಾಗೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತರು.

"ಆಸ್ಪತ್ರೆ ಫ್ರಿಜ್‌ನಲ್ಲೇ ಇದೆ. ತಂಪನ್ನ ಹಿಡಿತದಲ್ಲಿಡೋ ಥರ್ಮೋಸ್ಟಾಟ್ ಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ, ಹಳೇ ಮೆಷಿನ್‌ದು ಒಂದು ಬಿಚ್ಚಿ ಹಾಕಿದೆ. ಲೋಟ ಇಟ್ಟು, ನಾಳೆ ನೋಡಿ ಹೇಳ್ತೀನಿ ಅಂತ ನರ್ಸ್‌ಗೆ ಹೇಳಿ ಬಂದೆ. ಮಾರನೇ ದಿನ ಹೋದೆ ಕಣೆ. ಗೇಟಲ್ಲಿ ಯಾರನ್ನೋ ಪೂರ್ತಿ ಸುತ್ತಿ ವ್ಯಾನಿಗೆ ಹಾಕ್ತಿದ್ರು. ಒಳಗಿಂದ ಕೆಮ್ಮು. ನನ್ನ ಕಾಲು ಮುಂದೆ ಹೋಗಲಿಲ್ಲ. ವಾಪಸ್ ಬಂದೆ. ಆಮೇಲೆ ಹೋಗೋಕೆ ನಾಚಿಕೆ ಆಯ್ತು. ಅಷ್ಟರಲ್ಲಿ ಜನ ಚುಚ್ಚಿಸ್ಕೊಳ್ಳೋಕೆ ಶುರು ಮಾಡಿದ್ರು. ಅದು ತಂಪು ಹಿಡಿದಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಕೆಟ್ಟ ಔಷಧಿ ಅಷ್ಟೂ ಜನದ ಮೈ ಸೇರಿದ್ರೆ ಅದು ನನ್ನ ಕೈಯಿಂದ ಆದದ್ದು. ಅಕ್ಕನಿಗೂ ಅದನ್ನೇ ಚುಚ್ಚಿಸು ಅಂತೀಯಾ?"

ನನಗೆ ಕೆಂಡದಂಥ ಸಿಟ್ಟು ಬಂತು. ಇಡೀ ಬೀದಿ ಲಸಿಕೆಗೆ ಹೆದರಿ ಕೂತಿದೆ, ಈ ಮನುಷ್ಯ ಹೆದರಿದ್ದು ತನ್ನ ಕೈಕೆಲಸಕ್ಕೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಯಾರಾದರೂ ಹೋಗಿ ನೋಡಿಕೊಂಡು ಬರುತ್ತಿರಲಿಲ್ಲವೇ? ಅವರ ತೋಳು ಹಿಡಿದು ಎಬ್ಬಿಸಿದೆ.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಮಾವ ಗೋಡೆಗೆ ಅಂಟಿಕೊಂಡಂತೆ ನಡೆದರು. ಎದುರಿಗೆ ಯಾರಾದರೂ ಕೆಮ್ಮಿದರೆ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ನರ್ಸ್ ಮಾವನನ್ನು ಕಂಡವಳೇ ಸೊಂಟಕ್ಕೆ ಕೈಯಿಟ್ಟಳು.

"ಬಂದ್ರಾ? ನಾಳೆ ಬರ್ತೀನಿ ಅಂದವರು ತಿಂಗಳು ಬಿಟ್ಟು ಬಂದಿದ್ದೀರಿ. ನಿಮ್ಮ ಲೋಟ ಕಾದು ಕಾದು ಸೊರಗಿದೆ."

ಫ್ರಿಜ್ ಬಾಗಿಲು ತೆರೆದಳು. ಮೇಲಿನ ಖಾನೆಯ ಮೂಲೆಯಲ್ಲಿ ಆ ಸ್ಟೀಲ್ ಲೋಟ, ಅದರಲ್ಲಿ ಥರ್ಮಾಮೀಟರ್. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಅಂಕಿ. ನಾಲ್ಕು, ನಾಲ್ಕು, ಐದು, ನಾಲ್ಕು.

"ಎರಡು ದಿನ ಐಸ್ ಪೆಟ್ಟಿಗೇಲೇ ಲಸಿಕೆ ಇಟ್ಕೊಂಡು ಇದನ್ನ ಪರೀಕ್ಷೆ ಮಾಡಿದ್ವಿ. ನಮ್ಮ ಮೀಟರ್ ಜೊತೆ ನಿಮ್ಮದೂ ತಾಳೆ ನೋಡ್ತೀನಿ. ಎಂಟು ಡಿಗ್ರಿ ದಾಟಿದ್ರೆ ಲಸಿಕೆ ಕೊಡ್ತಾನೇ ಇರಲಿಲ್ಲ" ಎಂದಳು. "ಒಳ್ಳೆ ಕೆಲಸ ಮಾಡಿದ್ದೀರಿ."

ಮಾವ ಆ ಹಾಳೆಯ ಮೇಲೆ ಬೆರಳಿಟ್ಟು ಮೊದಲ ದಿನದಿಂದ ಓದಿದರು. ಮತ್ತೆ ಓದಿದರು. ಕಣ್ಣಲ್ಲಿ ನೀರು ಬಂತು. ಅಲ್ಲಿಯೇ, ಆಗಲೇ ತೋಳು ಚಾಚಿ ಚುಚ್ಚಿಸಿಕೊಂಡರು, ನಾನೂ ಚುಚ್ಚಿಸಿಕೊಂಡೆ. ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಲೋಟವನ್ನೂ ಥರ್ಮಾಮೀಟರನ್ನೂ ಹಿಡಿದುಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಮಾವ ನನಗಿಂತ ನಾಲ್ಕು ಹೆಜ್ಜೆ ಮುಂದೆ.

ಹೊಲಿಗೆ ಯಂತ್ರದ ಸದ್ದು ಇರಲಿಲ್ಲ. ಅಮ್ಮ ಶಾಲು ಹೊದ್ದು ಮಂಚದ ಮೇಲೆ ಕೂತಿದ್ದಳು.

"ಅಕ್ಕ, ನೋಡು, ನನಗೆ ಏನೂ ಆಗಿಲ್ಲ" ಎಂದು ಮಾವ ಹತ್ತಿಯಿಟ್ಟ ತೋಳು ತೋರಿಸಿದರು. "ನಾಳೆ ಬೆಳಿಗ್ಗೆನೇ ಹೋಗೋಣ."

ಅಮ್ಮ ನಗಲು ಹೋಗಿ ಕೆಮ್ಮಿದಳು. ಅದು ಉಬ್ಬಸದ ಕೆಮ್ಮಲ್ಲ ಎಂದು ನನಗೂ ತಿಳಿಯಿತು, ಮಾವನಿಗೂ ತಿಳಿಯಿತು. ನಾವಿಬ್ಬರೂ ಇದ್ದಲ್ಲೇ ನಿಂತೆವು.

"ಮಧ್ಯಾಹ್ನದಿಂದ ಮೈ ಬಿಸಿ ಇದೆ ಕಣೋ" ಎಂದಳು. ಮಾವನ ಕೈಯಲ್ಲಿದ್ದುದನ್ನು ಕಂಡು, "ಅದರಲ್ಲಿ ಎಷ್ಟಿದೆ ಅಂತ ನೋಡಿ ಹೇಳು" ಎಂದಳು.

"ಇದು ಜ್ವರ ನೋಡೋದಲ್ಲ ಅಕ್ಕ."

ಹನ್ನೊಂದನೆಯ ದಿನ ಅಮ್ಮ ಹೋದಳು. ಕಾಯಿಲೆ ರವಿಕೆ ಹೊಲಿಸಲು ಬಂದವರಿಂದ ಬಂತೋ, ನನ್ನಿಂದಲೇ ಬಂತೋ, ಗೊತ್ತಿಲ್ಲ. ಮೂರು ವಾರ ಮೊದಲು ಅವಳು ಚುಚ್ಚಿಸಿಕೊಂಡಿದ್ದರೆ ಬದುಕುತ್ತಿದ್ದಳೇ ಎಂದು ನರ್ಸನ್ನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಆ ವಾರ ಮಾವ ನಮ್ಮ ಬೀದಿಯ ಒಂದೊಂದು ಬಾಗಿಲನ್ನೂ ತಟ್ಟಿದರು. ಫ್ರಿಜ್ ಚೆನ್ನಾಗಿದೆ, ನಾನು ಹೋಗಿ ನೋಡಲಿಲ್ಲ, ತಪ್ಪು ನನ್ನದು, ಎಂದು ಅಷ್ಟೇ ಹೇಳುತ್ತಿದ್ದರು. ಯಾರಾದರೂ "ನಾಳೆ ಹೋಗ್ತೀವಿ" ಎಂದರೆ ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು.