ಓದುವವಳ ಪಾಲಿನ ಕಾಜಾ

ಆ ಹೊಲಿಗೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಓದೋ ಅಕ್ಕ ಎಂದೇ ಕರೆಯುತ್ತಿದ್ದರು. ಎಂಟು ಹೆಂಗಸರು ಕಿಟಕಿಯ ಬೆಳಕಿಗೆ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಕೈಯಲ್ಲೇ ಹೊಲಿಯುತ್ತಿದ್ದರೆ, ಇವಳು ಸ್ಟೂಲಿನ ಮೇಲೆ ಕೂತು ಕಾದಂಬರಿ ಓದುತ್ತಿದ್ದಳು. ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡು ಮುಗಿಸುತ್ತಿದ್ದರು. ಸಂಜೆ ಲೆಕ್ಕ ಸರಿಹೋದರೆ ಮಾಲೀಕ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಓದುತ್ತಿದ್ದದ್ದು ಐದು ಸಂಪುಟಗಳ ಮಾಯಾಲೋಕದ ಕಥೆ. ಒಂದೊಂದೂ ತಲೆದಿಂಬಿನಷ್ಟು ದಪ್ಪ. ರಾಜಕುಮಾರಿ ಒಂದು ಬೆಟ್ಟ ಹತ್ತಿಳಿಯುವಷ್ಟರಲ್ಲಿ ಕೇಳುವವರಲ್ಲಿ ಒಬ್ಬಳ ಬಾಣಂತನವೇ ಮುಗಿದಿತ್ತು! ಆದರೂ ಅಕ್ಕ ಒಂದು ಸಾಲು ಹಾರಿಸುತ್ತಿರಲಿಲ್ಲ, ಒಂದು ಮಾತು ಸೇರಿಸುತ್ತಿರಲಿಲ್ಲ. ಅದೊಂದು ಹಟ ಅವಳಿಗೆ.

ಓದು ಅವಳ ಅನ್ನವೆಂದು ಗೊತ್ತಿದ್ದದ್ದು ಅಲ್ಲೇ ಹೊಲಿಯುತ್ತಿದ್ದ ನಾದಿನಿಗೆ ಮಾತ್ರ. ಅಕ್ಕನ ಬಲಗೈ ನಡುಗುತ್ತಿತ್ತು. ಪುಸ್ತಕವನ್ನು ತೊಡೆಗೊತ್ತಿ ಹಿಡಿದರೆ ಯಾರಿಗೂ ಕಾಣದು, ಸೂಜಿ ಹಿಡಿದರೆ ಮುಚ್ಚಿಡಲಾಗದು. ಕೈ ಕೆಟ್ಟವರನ್ನು ಮಾಲೀಕ ಅದೇ ದಿನ ಮನೆಗೆ ಕಳಿಸುತ್ತಿದ್ದ. ಗೆಳತಿಯರಿಗೆ ಹೇಳಿದರೆ ಬಾಯಿಂದ ಬಾಯಿಗೆ ಅವನ ಕಿವಿ ಮುಟ್ಟೀತೆಂಬ ಹೆದರಿಕೆ ಬೇರೆ.

ಹೀಗಿರುವಾಗ ಅದೇ ಕಥೆ ಸಿನಿಮಾ ಆಗಿ ಬಂತು. ಕೆಲಸಕ್ಕೆ ಬರುವ ದಾರಿಯ ಗೋಡೆಗೋಡೆಯ ಪೋಸ್ಟರಿನಲ್ಲೂ ರೆಕ್ಕೆಯ ಹಾವೊಂದು ಅವಳನ್ನೇ ಕಾದಂತೆ ಬಾಯಿ ತೆರೆದು ನಿಂತಿತ್ತು. ಕೋಣೆಯಲ್ಲಿ ವಾದ ಶುರುವಾಯಿತು. ಪುಸ್ತಕದಲ್ಲಿರುವುದೆಲ್ಲ ಸಿನಿಮಾದಲ್ಲಿ ಎಲ್ಲಿ ಹಿಡಿಸೀತು ಎಂದು ಕೆಲವರು. ಕುದುರೆಯ ಲಗಾಮು ಬಣ್ಣಿಸಲು ಮೂರು ಪುಟ ಯಾಕೆ ಬೇಕಿತ್ತು ಎಂದು ಕೆಲವರು. ನೋಡಿಯೇ ಬಿಡೋಣವೆಂದು ರಜೆಯ ದಿನ ಎಲ್ಲರೂ ಹೊರಟರು. ಅಕ್ಕನಿಗೆ ಬೆಳಗಿನಿಂದ ಕಸಿವಿಸಿ. ಆದರೂ ಹೋದಳು.

ಹಾಳು ಸಿನಿಮಾ, ಚೆನ್ನಾಗಿತ್ತು. ಅವಳು ತಿಂಗಳುಗಟ್ಟಲೆ ಗಂಟಲು ಒಣಗಿಸಿಕೊಂಡು ಓದಿದ್ದ ಕೋಟೆಯ ಪತನ ಅಲ್ಲಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಗಿಹೋಯಿತು. ಉರಿಯುವ ಮೆಟ್ಟಿಲ ಮೇಲೆ ರಾಜಕುಮಾರಿ ಸುಮ್ಮನೆ ತಿರುಗಿ ನೋಡಿದಾಗ ಸಾಲಿಗೆ ಸಾಲೇ ಬಿಕ್ಕಿತು. ಅಕ್ಕನೂ ಅತ್ತಳು. ಇದೇ ಭಾಗವನ್ನು ತಾನು ಓದಿದಾಗ ಯಾರೂ ಅತ್ತಿರಲಿಲ್ಲವೆಂದು ಆಮೇಲೆ ನೆನಪಾಯಿತು.

ಮರುದಿನ ಅವಳು ಐದನೆಯ ಸಂಪುಟ ಬಿಡಿಸುತ್ತಿದ್ದಂತೆ, ಅವರಲ್ಲೆಲ್ಲ ಹಿರಿಯಳಾದ ಚಿಕ್ಕಮ್ಮ ಕೈಯೆತ್ತಿ ತಡೆದಳು.

"ನೀನೇ ಹೇಳಮ್ಮ, ಯಾವ್ದು ಚೆನ್ನಾಗಿದೆ? ಪುಸ್ತಕ ಅಂದ್ರೆ ಓದು, ನಿನ್ನ ಪಾಲಿಂದು ನಾವೇ ಹೊಲೀತೀವಿ. ಸಿನಿಮಾ ಅಂದ್ರೆ ಈ ಪುಸ್ತಕಗಳ ಸಹವಾಸ ಸಾಕು, ಬಾ, ನಮ್ ಜೊತೆ ಕೂತ್ಕೋ."

ನಾದಿನಿ ಕಣ್ಣಲ್ಲೇ ಬೇಡಿಕೊಂಡಳು. ಒಂದೇ ಒಂದು ಸುಳ್ಳು ಸಾಕಿತ್ತು. ಆದರೆ ಇಷ್ಟು ವರ್ಷ ಇದ್ದದ್ದನ್ನು ಇದ್ದ ಹಾಗೇ ಓದಿದ ನಾಲಗೆ ಸುಳ್ಳಿಗೆ ಹೊರಳಲಿಲ್ಲ.

"ಸಿನಿಮಾನೇ ಚೆನ್ನಾಗಿದೆ, ಚಿಕ್ಕಮ್ಮ," ಎಂದಳು.

ಎಲ್ಲರೂ ನಕ್ಕರು. ಯಾರೂ ಕೆಟ್ಟವರಲ್ಲ. ಒಬ್ಬಳು ಜರುಗಿ ಜಾಗ ಮಾಡಿಕೊಟ್ಟಳು, ಇನ್ನೊಬ್ಬಳು ಅಕ್ಕರೆಯಿಂದ ಅಂಗಿಯನ್ನೂ ಸೂಜಿದಾರವನ್ನೂ ಅವಳ ಮಡಿಲಲ್ಲಿಟ್ಟಳು. ಮಾಲೀಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಕ್ಕ ತೊಡೆಯಡಿ ಒತ್ತಿಟ್ಟಿದ್ದ ಬಲಗೈಯನ್ನು ಹೊರತೆಗೆದಳು.